ಅರ್ಧ ಹೊಲಿದ ಕೌದಿಯ ಋಣ

ಹಿಡಿದ ಕಾರ್ಯವನ್ನು ಕಡೆಗಾಣಿಸುವವನೇ ಉತ್ತಮನೆಂದು ನೀತಿಶಾಸ್ತ್ರಕಾರರು ಹೇಳಿರುವರು. ನಾನು ಮೂವತ್ತೈದು ವರ್ಷಗಳ ಕಾಲ ಶಾಲೆಯ ಹುಡುಗರಿಗೆ ಇದನ್ನೇ ಪಾಠ ಹೇಳಿದೆನು. ಆರಂಭಶೂರರನ್ನು ಪರಿಹಾಸ್ಯ ಮಾಡಿ ಅವರನ್ನು ನಗಿಸಿದೆನು. ಆದರೆ ಕಾರ್ಯವನ್ನು ಆರಂಭಿಸಿದವರೊಬ್ಬರು, ಅವರು ತೀರಿಕೊಂಡ ಬಳಿಕ ಅದು ಕೈಗೆ ಬಂದವರು ಇನ್ನೊಬ್ಬರು ಆದಾಗ, ಆ ಇನ್ನೊಬ್ಬರ ಧರ್ಮವೇನು ಎಂಬದನ್ನು ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಲಿಲ್ಲ; ನಾನೂ ಕೇಳಿಕೊಳ್ಳಲಿಲ್ಲ. ಅರವತ್ತಾರನೆಯ ವಯಸ್ಸಿನಲ್ಲಿ ಆ ಪ್ರಶ್ನೆಯು ಒಂದು ಹಳೆಯ ಕೌದಿಯ ರೂಪದಿಂದ ನನ್ನೆದುರು ಬಂದಿತು. ಅದನ್ನು ಕುರಿತು ಆಲೋಚಿಸಿದುದನ್ನೂ ಮಾಡಿದುದನ್ನೂ ವಾಚಕರ ಮುಂದಿಡುವೆನು.

ಕೌದಿಯೆಂದರೇನೆಂದು ನಮ್ಮ ಸೀಮೆಯ ವಾಚಕರಿಗೆ ವಿವರಿಸಬೇಕಾದುದಿಲ್ಲ. ಉಟ್ಟು ಸವೆದ ಸೀರೆ, ಧೋತರ, ಕುಬಸ, ಪರಕಾರಗಳನ್ನು ಹರಿದು, ಪದರಿನ ಮೇಲೆ ಪದರನ್ನು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ದಪ್ಪ ದಾರದಿಂದ ಒತ್ತೊತ್ತಾಗಿ ಹೊಲಿದ ಹೊದ್ದಿಕೆಯದು. ಮಹಾರಾಷ್ಟ್ರದವರು ಇದನ್ನೇ ಗೋಧಡಿಯೆನ್ನುವರು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಬಂಗಾಲದ ಕಾಂಥಾ ಹೊದ್ದಿಕೆಯೂ ಇದರ ಒಡಹುಟ್ಟಿದವುಗಳೇ ಸರಿ. ಎಲ್ಲದರ ತತ್ತ್ವವೊಂದೇ: ಹಲವು ಸಾರೆ ಒಗೆದು ಮೆತ್ತಗಾದ ಅರಿವೆಯೇ ಬೇಕು, ಹೊಸ ಬಟ್ಟೆಯು ಮೈಗೆ ಒಗ್ಗುವದಿಲ್ಲ. ಆದುದರಿಂದ ಕೌದಿಯಲ್ಲಿರುವದೆಲ್ಲವೂ ಒಂದಾನೊಂದು ಕಾಲಕ್ಕೆ ಮನೆಯವರ ಮೈಮೇಲೆ ಇದ್ದುದೇ.

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರವು ನಮ್ಮ ಊರು. ೧೯೮೧ರ ಬೇಸಗೆಯಲ್ಲಿ ನಮ್ಮ ಅವ್ವ ಆ ಮನೆಯ ಪಡಸಾಲೆಯಲ್ಲಿ ಕುಳಿತು ಈ ಕೌದಿಯನ್ನು ಹೊಲಿಯಲಾರಂಭಿಸಿದಳು. ನನ್ನ ತಂಗಿಯು ಚೊಚ್ಚಲ ಬಸಿರಿಯಾಗಿ ತವರಿಗೆ ಬಂದಿದ್ದಳು. ಹುಟ್ಟುವ ಕೂಸಿಗಾಗಿ ಈ ಹೊದ್ದಿಕೆ. ಕೂಸಿಗೆ ಇಷ್ಟು ದೊಡ್ಡ ಕೌದಿಯೇಕೆಂದು ನಾನು ಕೇಳಿದಾಗ, “ಕೂಸು ಕೂಸಾಗೇ ಇರತದೇನೋ ತಮ್ಮಾ? ದೊಡ್ಡದಾದ ಮ್ಯಾಲೂ ಹೊಚ್ಚಿಕೋಬೇಕು” ಎಂದಳು. ನಾಲ್ಕು ಮೊಳ ಉದ್ದ, ಮೂರು ಮೊಳ ಅಗಲ. ಅಂಚಿನಿಂದ ಹಿಡಿದು ಸುತ್ತುಸುತ್ತಾಗಿ ನಡುವಿನ ಕಡೆಗೆ ಹೊಲಿಯುತ್ತ ಬರುವದು ಅವ್ವನ ಪದ್ಧತಿ.

ಅದರಲ್ಲಿಯ ತುಂಡುಗಳನ್ನು ನಾನು ಒಂದೊಂದಾಗಿ ಗುರುತಿಸಬಲ್ಲೆನು. ಕೆಂಪು ಪಟ್ಟಿಯು ಅವ್ವ ಮದುವೆಯಲ್ಲಿ ಉಟ್ಟ ಇಳಕಲ್ಲ ಸೀರೆಯ ಸೆರಗು. ೧೯೪೮ರಲ್ಲಿ ರಜಾಕಾರರ ಹಾವಳಿ ಹೆಚ್ಚಿದಾಗ, ನಿಜಾಮರ ಸೀಮೆಯ ಎಷ್ಟೋ ಕುಟುಂಬಗಳಂತೆ ನಮ್ಮವರೂ ಮುಂಬಯಿ ಪ್ರಾಂತದ ಸೊಲ್ಲಾಪುರದ ಕಡೆಗೆ ಹೋಗಿ ಆಶ್ರಯ ಪಡೆದಿದ್ದರು. ಮದುವೆಯಾಗಿ ಬಹಳ ದಿನವಾಗಿರದ ಅವ್ವ ಆ ಸೀರೆಯೊಂದನ್ನೇ ಗಂಟಿನಲ್ಲಿ ಕಟ್ಟಿಕೊಂಡು ಹೋದವಳು. ಸೆಪ್ಟೆಂಬರದಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿದ ಮೇಲೆ ಹಿಂದಿರುಗಿ ಬಂದಾಗ ಮನೆಯಲ್ಲಿ ಗೋಡೆಗಳ ಹೊರತು ಏನೂ ಉಳಿದಿರಲಿಲ್ಲವಂತೆ. ಬಿಳಿಯ ಒಡಲು ಅಪ್ಪನ ಧೋತರ. ಅದು ಕಲಬುರಗಿಯ ಮೆಹಬೂಬಶಾಹಿ ಗಿರಣಿಯ ಬಟ್ಟೆ. ಆ ಗಿರಣಿಯು ಮುಚ್ಚಿ ಎಷ್ಟೋ ವರ್ಷಗಳಾದವು. ಒಂದು ಮೂಲೆಯಲ್ಲಿ ಮಾಸಿದ ಒಂದು ಅರಿವೆಯಿದೆ. ೧೯೭೨ರ ಬರದಲ್ಲಿ ಅವ್ವ ಕೆರೆಯ ಕಾಮಗಾರಿಗೆ ಹೋಗಿ ಮಣ್ಣಿನ ಬುಟ್ಟಿ ಹೊತ್ತಾಗ ತಲೆಯ ಮೇಲೆ ಇಟ್ಟುಕೊಂಡ ಸಿಂಬಿಯದು. ಎಷ್ಟು ಒಗೆದರೂ ಅದರ ಮಣ್ಣಿನ ಬಣ್ಣ ಹೋಗಲಿಲ್ಲ. ಅಕ್ಕನ ಪರಕಾರವಿದೆ, ನಾನು ಪಾಠಶಾಲೆಯಲ್ಲಿ ಉಡುತ್ತಿದ್ದ ಪಂಚೆಯಿದೆ. ಹೊಸ ಬಟ್ಟೆಯನ್ನು ಹಾಕಬಾರದೆಂಬ ತನ್ನ ನಿಯಮವನ್ನು ಅವ್ವ ಒಂದು ಕಡೆಯಲ್ಲಿ ಮಾತ್ರ ಮೀರಿದ್ದಳು: ಗುಳೇದಗುಡ್ಡದ ಖಣದ ಎರಡು ತ್ರಿಕೋನಗಳು. ತಂಗಿಗೆ ಏಳನೆಯ ತಿಂಗಳಲ್ಲಿ ಕುಬಸ ಮಾಡಿದಾಗ ಉಳಿದ ಚೂರುಗಳವು.

ಶ್ರಾವಣದ ಒಂದು ರಾತ್ರಿ ತಂಗಿಗೆ ಬೇನೆ ತಿಂದಿತು. ಮಳೆ ಹಿಡಿದಿತ್ತು. ನಡುರಾತ್ರಿಯ ಸುಮಾರಿಗೆ ಸೂಲಗಿತ್ತಿಯು ಹೊರಗೆ ಬಂದು, ಇದು ತನ್ನ ಕೈಯಿಂದ ಆಗುವದಲ್ಲ, ಕಲಬುರಗಿಗೆ ಒಯ್ಯಿರೆಂದಳು. ಊರಲ್ಲಿ ಒಬ್ಬರ ಲಾರಿ ಇತ್ತು, ಎಬ್ಬಿಸಿದರೆ ಬರುತ್ತಿದ್ದರು. ಅಪ್ಪನು ತೀರಿಕೊಂಡು ಎರಡು ವರ್ಷಗಳಾಗಿದ್ದುದರಿಂದ ಮನೆಯ ಗಂಡಸು ನಾನೇ, ಇಪ್ಪತ್ತಮೂರು ವರ್ಷದವನು. ಎಲ್ಲರೂ ನನ್ನ ಮುಖವನ್ನು ನೋಡಿದರು. ಈ ಮಳೆಯಲ್ಲಿ, ಈ ಕತ್ತಲೆಯಲ್ಲಿ ಬೇಡ, ಬೆಳಗಾಗಲಿ, ಮೊದಲನೆಯ ಬಸ್ಸಿಗೆ ಹೋಗೋಣ ಎಂದೆನು. ಬೆಳಗಾಗುವದರೊಳಗೆ ಹೆಣ್ಣು ಕೂಸು ಹುಟ್ಟಿತು, ತಂಗಿ ಉಳಿಯಲಿಲ್ಲ.

ದಿನಕರ್ಮಗಳು ಮುಗಿದ ಬಳಿಕ ಬೀಗರು ಕೂಸನ್ನು ಕರೆದುಕೊಂಡು ಹೋದರು. ಹೋಗುವಾಗ ಅವರು ಆಡಿದ ಮಾತು ಕಠಿಣವಾಗಿತ್ತು, ಆದರೆ ಸುಳ್ಳಾಗಿರಲಿಲ್ಲ. ಸುಳ್ಳಾಗಿರದುದರಿಂದಲೇ ನನಗೆ ತಡೆಯಲಾಗಲಿಲ್ಲ. ನಾನು ಅವರಿಗೆ ಒಂದು ಪತ್ರವನ್ನು ಬರೆದೆನು. ನಮ್ಮ ನಿಮ್ಮ ಸಂಬಂಧವು ಇಂದಿಗೆ ತೀರಿತೆಂದು ಒಳ್ಳೆಯ ಗ್ರಾಂಥಿಕ ಭಾಷೆಯಲ್ಲಿ, ಒಂದು ತಪ್ಪಿಲ್ಲದಂತೆ ಬರೆದೆನು. ಅವರು ಉತ್ತರವನ್ನು ಬರೆಯಲಿಲ್ಲ. ಅವ್ವ ಕೌದಿಯನ್ನು ಮಡಿಸಿ ಟ್ರಂಕಿನಲ್ಲಿಟ್ಟಳು. ನಡುವೆ ಒಂದು ಮೊಳದಷ್ಟು ಚೌಕವು ಹೊಲಿಯದೆ ಉಳಿಯಿತು. ೧೯೯೬ರಲ್ಲಿ ತೀರಿಕೊಳ್ಳುವ ವರೆಗೆ ಅವಳು ಅದನ್ನು ಹೊಲಿಯಲಿಲ್ಲ; ಪ್ರತಿವರ್ಷ ದೀಪಾವಳಿಯ ಮೊದಲು ಹೊರಗೆ ತೆಗೆದು, ಬಿಸಿಲಿಗೆ ಹಾಕಿ, ಬೇವಿನ ಎಲೆಗಳನ್ನು ಬದಲಿಸಿ ಮತ್ತೆ ಇಡುತ್ತಿದ್ದಳು. ಅವಳ ತರುವಾಯ ನಮ್ಮ ಅಕ್ಕ ಹಾಗೆಯೇ ಮಾಡುತ್ತ ಬಂದಳು.

ಹೀಗೆ ನಾಲ್ವತ್ತು ವರ್ಷಗಳು ಮೀರಿದ ಮೇಲೆ, ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆಯ ದಿನ, ಬ್ರಹ್ಮಪುರದ ನಮ್ಮ ಮನೆಯ ಬಾಗಿಲಲ್ಲಿ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಬಂದು ನಿಂತಳು. ಅವಳು ಹೆಸರು ಹೇಳುವ ಮೊದಲೇ ನನಗೆ ತಿಳಿಯಿತು. ನಿಂತ ರೀತಿಯೇ ತಂಗಿಯದು. ತೇರಿಗೆ ಬಂದವಳು, ವಿಚಾರಿಸಿಕೊಂಡು ಬಂದೆನೆಂದಳು. ಚಹಾ ಕುಡಿದಳು. ತನ್ನ ಮಕ್ಕಳ ಓದನ್ನು ಹೇಳಿದಳು. ಏಳುವಾಗ ಒಂದೇ ಮಾತನ್ನು ಕೇಳಿದಳು: “ಮಾಮಾ, ನಮ್ಮವ್ವಂದು ನಿಮ್ಮ ಹತ್ತರ ಏನರೆ ಒಂದು ಅದ ಏನ್ರಿ?” ನೋಡಿ ಹೇಳುವೆನೆಂದೆನು.

ಮರುದಿನವೇ ಕಮಲಾಪುರಕ್ಕೆ ಹೋದೆನು. ಅಕ್ಕ ಟ್ರಂಕನ್ನು ತೆರೆದಳು. ಕೌದಿಯನ್ನು ಮುಗಿಸಿ ಕೂಸಿಗೆ ಕೊಡೋಣವೆಂದು ನಾನು ಹೇಳಿದಾಗ ಅವಳು ಒಪ್ಪಲಿಲ್ಲ. “ಅವ್ವಗ ಹೊಲಿಲಾಕ ಹದಿನೈದು ವರ್ಷ ಇತ್ತು. ಹೊಲಿಲಿಲ್ಲ. ಬೇಕಂತ ಬಿಟ್ಟಾಳ. ನಡುವಿನ ಜಾಗಾ ಖಾಲಿ ಇದ್ದದ್ದೇ ಅವ್ವನ ಮಾತು. ನೀ ಅದನ್ನ ಮುಚ್ಚಿದ್ರ ಅವ್ವನ ಬಾಯಿ ಮುಚ್ಚಿದಂಗ ಆಗ್ತದ” ಎಂದಳು. ನಾಲ್ಕನೆಯ ತರಗತಿಗಿಂತ ಹೆಚ್ಚು ಓದದ ಅಕ್ಕನ ಈ ಆಕ್ಷೇಪಕ್ಕೆ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಕಲಬುರಗಿಗೆ ಹಿಂದಿರುಗಿ ಪುಸ್ತಕಗಳನ್ನು ತೆರೆದೆನು; ನಮ್ಮಂಥವರಿಗೆ ಬೇರೆ ದಾರಿ ತಿಳಿಯದು.

ಜೈಮಿನಿಯ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯದಲ್ಲಿ ಈ ವಿಚಾರವಿದೆ. ಫಲವನ್ನು ಬಯಸಿ ಆರಂಭಿಸಿದ ವೈದಿಕ ಕರ್ಮವನ್ನು, ನಡುವೆ ಬಯಕೆಯು ಅಡಗಿದರೂ ಮುಗಿಸಲೇಬೇಕು. ಮನೆಯನ್ನು ಕಟ್ಟುವದು, ಬಂಡಿಯನ್ನು ಮಾಡುವದು ಮೊದಲಾದ ಲೌಕಿಕ ಕೆಲಸಗಳಿಗೆ ಆ ನಿರ್ಬಂಧವಿಲ್ಲ ಎಂದು ಅಲ್ಲಿಯ ನಿರ್ಣಯ. ಕೌದಿಯು ಲೌಕಿಕವೇ. ಆ ಮೇರೆಗೆ ಬಿಟ್ಟರೂ ದೋಷವಿಲ್ಲ. ಶಾಸ್ತ್ರವು ಅಕ್ಕನ ಪಕ್ಷಕ್ಕೆ ನಿಂತಿತು.

ಲೋಕದ ದೃಷ್ಟಾಂತಗಳನ್ನು ನೋಡಿದೆನು. ವಿಜಾಪುರದ ಬಾರಾ ಕಮಾನನ್ನು ನೋಡದವರು ನಮ್ಮಲ್ಲಿ ವಿರಳ. ಎರಡನೆಯ ಅಲಿ ಆದಿಲಶಹನು ತನ್ನ ಗೋರಿಗೆಂದು ಅದನ್ನು ಆರಂಭಿಸಿದನು. ೧೬೭೨ರಲ್ಲಿ ಅವನು ತೀರಿಕೊಂಡನು. ಮೇಲೆ ಗುಮ್ಮಟವಿಲ್ಲದೆ ಕಮಾನುಗಳು ಹಾಗೆಯೇ ನಿಂತಿವೆ. ಈಗ ಯಾರಾದರೂ ಅದರ ಮೇಲೆ ಗುಮ್ಮಟವನ್ನು ಕಟ್ಟಹೋದರೆ ನಾವೆಲ್ಲರೂ ತಡೆಯುವೆವು. ಆದರೆ ಬಾಣಭಟ್ಟನು ಕಾದಂಬರಿಯನ್ನು ಅರ್ಧಕ್ಕೆ ಬಿಟ್ಟು ತೀರಿಕೊಂಡಾಗ ಅವನ ಮಗನು ಅದನ್ನು ಪೂರ್ತಿ ಮಾಡಿದನು. ಅದಕ್ಕಾಗಿ ಅವನನ್ನು ಯಾರೂ ನಿಂದಿಸಲಿಲ್ಲ. ಇನ್ನೂ ಹತ್ತಿರದ ಉದಾಹರಣೆಯು ನಮ್ಮ ಜಿಲ್ಲೆಗೇ ಸಂಬಂಧಿಸಿದುದು. ಸೇಡಂ ತಾಲೂಕಿನಲ್ಲಿ, ಕಾಗಿಣೆಯ ದಂಡೆಯ ಮಳಖೇಡವು ಮಾನ್ಯಖೇಟವಾಗಿದ್ದಾಗ, ಅಮೋಘವರ್ಷನು ಗುರುವೆಂದು ಮನ್ನಿಸಿದ ಜಿನಸೇನಾಚಾರ್ಯರು, ತಮ್ಮ ಗುರುಗಳಾದ ವೀರಸೇನರು ಅರೆಯಾಗಿ ಬಿಟ್ಟುಹೋದ ಜಯಧವಲಾ ಟೀಕೆಯನ್ನು ಕ್ರಿ.ಶ. ೮೩೭ರಲ್ಲಿ ಮುಗಿಸಿದರು. ಅದೇ ಜಿನಸೇನರು ಮಹಾಪುರಾಣವನ್ನು ಆರಂಭಿಸಿ, ನಾಲ್ವತ್ತೆರಡು ಪರ್ವಗಳನ್ನು ದಾಟಿ ಮುಂದಿನ ಪರ್ವದ ಮೂರು ಶ್ಲೋಕಗಳನ್ನು ರಚಿಸಿ ನಿಂತರು. ಅವರ ಶಿಷ್ಯ ಗುಣಭದ್ರರು ಅಲ್ಲಿಂದ ಹಿಡಿದು ಮುಂದೆ ನಡೆಸಿದರು. ಒಬ್ಬರ ಕೆಲಸವನ್ನು ಮುಗಿಸಿದವರೇ ತಮ್ಮ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಹೋದರು.

ಬಾರಾ ಕಮಾನಿಗೂ ಮಹಾಪುರಾಣಕ್ಕೂ ಭೇದವೇನು? ಒಂದನ್ನು ಮುಗಿಸುವದು ಅನುಚಿತ, ಇನ್ನೊಂದನ್ನು ಮುಗಿಸುವದು ಉಚಿತ ಎಂದು ನಮ್ಮ ಮನಸ್ಸು ಹೇಳುವದೇಕೆ? ಆರಂಭಿಸಿದವರ ಇಚ್ಛೆಯಿಂದ ಇದನ್ನು ನಿರ್ಣಯಿಸಲಾಗದು. ಸುಲ್ತಾನನಿಗೂ ತನ್ನ ಗೋರಿಯು ಮುಗಿಯಬೇಕೆಂದೇ ಇಚ್ಛೆಯಿದ್ದೀತು. ಮುಗಿಸುವವರ ಸಾಮರ್ಥ್ಯದಿಂದಲೂ ಆಗದು. ಗುಮ್ಮಟವನ್ನು ಕಟ್ಟಬಲ್ಲವರು ಇಂದಿಗೂ ಇದ್ದಾರೆ. ಇಲ್ಲಿಗೆ ಬಂದು ನನ್ನ ಬುದ್ಧಿಯು ನಿಂತಿತು.

ಆಗ ಮಿತಾಕ್ಷರೆಯು ನೆನಪಿಗೆ ಬಂದಿತು. ನಮ್ಮ ಜಿಲ್ಲೆಯ ಮರತೂರಿನವರೆಂದು ನಾವು ಹೆಮ್ಮೆಪಡುವ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರರು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವದು. ದಾಯಭಾಗದ ವಿಚಾರಕ್ಕಾಗಿ ಎಲ್ಲರೂ ಅದರ ಹೆಸರನ್ನು ಹೇಳುವರು, ಋಣವಿಚಾರವನ್ನು ಮರೆಯುವರು. ಹಿರಿಯರಿಂದ ಆಸ್ತಿಯು ಮಾತ್ರ ಬರುವದಿಲ್ಲ, ಸಾಲವೂ ಬರುವದು. ಮಗನು ಅದನ್ನು ಬಡ್ಡಿಸಹಿತ ತೀರಿಸಬೇಕು, ಮೊಮ್ಮಗನು ಅಸಲನ್ನಷ್ಟೇ ತೀರಿಸಬೇಕು, ಕುಡಿತ ಜೂಜುಗಳ ಸಾಲವನ್ನು ತೀರಿಸಬೇಕಾದುದಿಲ್ಲ ಎಂಬದು ಧರ್ಮಶಾಸ್ತ್ರದ ಮರ್ಯಾದೆ. ೨೦೦೫ರಲ್ಲಿ ಹಿಂದೂ ಉತ್ತರಾಧಿಕಾರದ ಕಾಯಿದೆಗೆ ಆದ ತಿದ್ದುಪಡಿಯ ತರುವಾಯ ಮಾಡಿದ ಸಾಲಗಳ ಮಟ್ಟಿಗೆ, ಕೇವಲ ಈ ಧರ್ಮಬಾಧ್ಯತೆಯನ್ನು ಹಿಡಿದು ಮಗನ ಮೇಲೆ ವಸೂಲಿಯನ್ನು ನಡೆಸುವ ಹಕ್ಕನ್ನು ನ್ಯಾಯಾಲಯಗಳು ಮನ್ನಿಸುವದಿಲ್ಲ. ಕಾಯಿದೆಯು ಬಿಟ್ಟಿತೆಂದು ಮನಸ್ಸು ಬಿಡುವದೇ? ಸ್ಮೃತಿಕಾರರು ತಂದೆಯ ಸಾಲವನ್ನು ಹೇಳಿದರು. ತಾಯಿಯು ಬಿಟ್ಟ ಹೊಲಿಗೆಯನ್ನು ಹೇಳಲಿಲ್ಲ. ಆದರೂ ಅವ್ವನ ಕೌದಿಯು ನಮಗೆ ಬಂದ ಆಸ್ತಿಯಲ್ಲ, ಸಾಲವೆಂದು ನನಗೆ ತೋರಿತು.

ಮುಂದಿನ ವಾರ ಕಮಲಾಪುರಕ್ಕೆ ಹೋಗಿ ಇದೆಲ್ಲವನ್ನೂ ಅಕ್ಕನಿಗೆ ವಿವರಿಸಿದೆನು. ಮೀಮಾಂಸೆಯನ್ನು ಹೇಳುವಾಗ ಅವಳು ಜೋಳವನ್ನು ಹಸನು ಮಾಡುತ್ತಿದ್ದಳು, ತಲೆಯೆತ್ತಲಿಲ್ಲ. ಸಾಲವೆಂದಾಗ ಮಾತ್ರ ಕೈಯನ್ನು ನಿಲ್ಲಿಸಿದಳು. “ಸಾಲ ಅಂದ್ರ ಯಾರದು? ಅವ್ವಂದಂತೂ ಅಲ್ಲ, ಅವ್ವ ಹೋದಳು” ಎಂದಳು. ತುಸು ಹೊತ್ತು ಸುಮ್ಮನಿದ್ದು ತಾನೇ ಉತ್ತರವನ್ನು ಹೇಳಿದಳು: “ಕೂಸಿಗಂತ ಹೊಲದದ್ದು. ಕೂಸು ಬಂದು ಕೇಳ್ಯದ. ಹಂಗಿದ್ರ ಮಾತು ಬ್ಯಾರೆ.”

ನನ್ನ ಪುಸ್ತಕಗಳಲ್ಲಿ ಸಿಕ್ಕದ ಭೇದವು ಇದರಿಂದ ಸಿಕ್ಕಿತು. ಅರ್ಧಕ್ಕೆ ನಿಂತ ಕೆಲಸವನ್ನು ಮುಗಿಸಬೇಕೋ ಬಿಡಬೇಕೋ ಎಂಬದನ್ನು ತೀರಿಕೊಂಡವರ ಇಚ್ಛೆಯಿಂದಲ್ಲ, ಉಳಿದವರ ಹಂಬಲದಿಂದಲ್ಲ, ಅದು ಯಾರಿಗಾಗಿ ಆರಂಭವಾಯಿತೋ ಅವರಿಂದ ತಿಳಿಯಬೇಕು. ಬಾರಾ ಕಮಾನು ಯಾರಿಗಾಗಿ ಎದ್ದಿತೋ ಅವನು ಅದರ ಕೆಳಗೇ ಮಲಗಿದ್ದಾನೆ. ಗುಮ್ಮಟಕ್ಕಾಗಿ ಕಾದಿರುವವರು ಯಾರೂ ಇಲ್ಲ. ಮಹಾಪುರಾಣವು ಕೇಳುಗರಿಗಾಗಿ ಆರಂಭವಾಯಿತು; ಕೇಳುಗರು ಕುಳಿತೇ ಇದ್ದರು. ಅವ್ವ ಕೌದಿಯನ್ನು ಬೇಕೆಂದೇ ಬಿಟ್ಟಳೆಂಬದು ನಿಜವೇ ಇರಬಹುದು. ಸೂಜಿಯನ್ನು ಅವಳು ಕಿತ್ತಿರಲಿಲ್ಲ, ದಾರವನ್ನು ಹರಿದಿರಲಿಲ್ಲ ಎಂಬದೂ ನಿಜ. ಅದರಿಂದ ಅವಳ ಮನಸ್ಸನ್ನು ಊಹಿಸಿದರೆ ಅದು ನನಗೆ ಅನುಕೂಲವಾದ ಊಹೆಯಾದೀತು. ಅವಳಿಗೆ ದುಃಖಿಸುವ ಅಧಿಕಾರವಿತ್ತು. ಆದರೆ ನಾವು ಆ ದುಃಖವನ್ನು ಮುಂದೆ ಮಾಡಿ ಬದುಕಿರುವ ಒಬ್ಬಳಿಗೆ ಸಲ್ಲತಕ್ಕುದನ್ನು ಟ್ರಂಕಿನಲ್ಲಿಟ್ಟುಕೊಳ್ಳುವದು ಸರಿಯಲ್ಲ.

ಇನ್ನು ಮುಗಿಸುವ ರೀತಿಯ ಪ್ರಶ್ನೆ. ಪೇಟೆಯಲ್ಲಿ ಯಂತ್ರದ ಮೇಲೆ ಒಂದು ಗಂಟೆಯಲ್ಲಿ ಹೊಲಿದು ಕೊಡುವರು. ಅದನ್ನು ನಾವಿಬ್ಬರೂ ಬೇಡವೆಂದೆವು. ಅಕ್ಕನ ಕಣ್ಣು ಮಂದವಾಗಿರುವದರಿಂದ ಹೊಲಿಯುವ ಕೆಲಸವು ನನ್ನ ಪಾಲಿಗೆ ಬಂದಿತು. ಅವಳು ಕೈಯಿಂದ ಸವರಿ ಹೇಳುವಳು, ನಾನು ಹೊಲಿಯುವೆನು. “ಶಾಸ್ತ್ರ ಹೇಳಿದಷ್ಟು ಸಲೀಸಲ್ಲ ಸೂಜಿ ಹಿಡಿಯೋದು” ಎಂದು ನಕ್ಕಳು. ಐದು ಪದರುಗಳ ಒಳಗಿಂದ ಸೂಜಿಯನ್ನು ಕೆಳಗೆ ದಾಟಿಸಿ ಮತ್ತೆ ಮೇಲೆ ತರುವಾಗ ಪದರುಗಳು ಸರಿಯುವವು. ದಾರವನ್ನು ಬಿಗಿದರೆ ಬಟ್ಟೆ ಸುಕ್ಕಾಗುವದು, ಸಡಲು ಬಿಟ್ಟರೆ ಪದರುಗಳು ಹಿಡಿಯುವದಿಲ್ಲ. ಅವ್ವನ ಹೊಲಿಗೆಯು ಜೋಳದ ಕಾಳು ಇಟ್ಟಂತೆ ಸಮವಾಗಿದೆ. ನನ್ನದು ಒಂದು ಉದ್ದ, ಒಂದು ಗಿಡ್ಡ. ಅವಳದರಂತೆ ಕಾಣುವಂತೆ ಮಾಡಲು ಮೊದಲು ಯತ್ನಿಸಿದೆನು, ಅಕ್ಕ ಬೇಡವೆಂದಳು. ಅವಳದು ಎಲ್ಲಿಗೆ ನಿಂತಿತು, ನಮ್ಮದು ಎಲ್ಲಿಂದ ಹತ್ತಿತು ಎಂಬದು ಕೂಸಿಗೆ ಕಾಣಬೇಕೆಂದು ಅವಳ ಮತ. ಹಳೆಯ ಸೂಜಿಯು ತುಕ್ಕು ಹಿಡಿದು ಅರಿವೆಗೆ ಅಂಟಿತ್ತು. ಕಿತ್ತಾಗ ಕಂದು ಕಲೆಯು ಉಳಿಯಿತು. ಅದನ್ನು ತೊಳೆಯಲಿಲ್ಲ. ಪ್ರತಿ ಶನಿವಾರ ಕಲಬುರಗಿಯಿಂದ ಹೋಗುತ್ತ ಒಂದು ಮೊಳದ ಚೌಕಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಹೊಲಿಯುವಾಗ ಒಂದು ಸಂಗತಿಯು ನನಗೆ ಸ್ಪಷ್ಟವಾಯಿತು. ಆ ಬಿಡುವಿನ ಚೌಕವನ್ನು ಬಿಡಿಸಿದವನು ನಾನು. ಕೌದಿಯನ್ನು ಮುಗಿಸಿ ಕೊಟ್ಟು, ಅದು ನಿಂತ ಕಾರಣವನ್ನು ಹೇಳದಿದ್ದರೆ ಅದು ಸಾಲವನ್ನು ಖೊಟ್ಟಿ ನಾಣ್ಯದಿಂದ ತೀರಿಸಿದಂತೆ. ದೀಪಾವಳಿಗೆ ಅವಳನ್ನು ಕಮಲಾಪುರಕ್ಕೆ ಕರೆಸಿದೆವು. ಕೌದಿಯನ್ನು ಪಡಸಾಲೆಯಲ್ಲಿ ಹಾಸಿ ತುಂಡುತುಂಡನ್ನೂ ತೋರಿಸಿದೆವು. ಖಣದ ತ್ರಿಕೋನಗಳ ಮೇಲೆ ಅವಳು ಬಹಳ ಹೊತ್ತು ಕೈಯಿಟ್ಟುಕೊಂಡಿದ್ದಳು. ನಡುವಿನ ಹೊಲಿಗೆಯು ಯಾರದೆಂದು ಕೇಳಿದಳು. ನನ್ನದೆಂದೆನು, ಆ ರಾತ್ರಿಯ ಮಾತನ್ನೂ, ಬೆಳಗಾಗಲಿ ಎಂದುದನ್ನೂ, ಪತ್ರವನ್ನೂ ಹೇಳಿದೆನು. ಅವಳು ನನ್ನನ್ನು ನೋಡದೆ ಕೇಳಿದಳು. ಯಾವ ಮಾತನ್ನೂ ಆಡಲಿಲ್ಲ. ಕೆಲಹೊತ್ತಿನ ಮೇಲೆ, ಮೂಲೆಯ ಮಣ್ಣುಬಣ್ಣದ ತುಂಡು ಯಾವದೆಂದು ಅಕ್ಕನನ್ನು ಕೇಳಿದಳು. ಸಿಂಬಿಯ ಕಥೆಯನ್ನು ಅಕ್ಕ ಹೇಳಿದಳು. ಸಂಜೆಯ ಬಸ್ಸಿಗೆ ಕೌದಿಯನ್ನು ತೆಗೆದುಕೊಂಡು ಹೋದಳು.

ನನಗೆ ಕ್ಷಮೆಯು ದೊರೆಯಿತೆಂದು ನಾನು ಹೇಳಲಾರೆನು. ಅದೇ ಮೀಮಾಂಸಾಧ್ಯಾಯದಲ್ಲಿ ಇನ್ನೊಂದು ಅಧಿಕರಣವಿದೆ. ಹಲವರು ಯಜಮಾನರು ಕೂಡಿ ನಡೆಸುವ ಸತ್ರಯಾಗದಲ್ಲಿ ಒಬ್ಬನು ನಡುವೆ ತೀರಿಕೊಂಡರೆ ಅವನ ಸ್ಥಾನಕ್ಕೆ ಇನ್ನೊಬ್ಬನನ್ನು ತರಬೇಕು. ಹಾಗೆ ಬಂದವನು ಯಜಮಾನರು ಪಾಲಿಸತಕ್ಕ ನಿಯಮಗಳೆಲ್ಲವನ್ನೂ ಪಾಲಿಸಬೇಕು. ಆದರೆ ಯಾಗದ ಫಲವು ಅವನಿಗೆ ಸೇರುವದಿಲ್ಲ. ಪಾಠಶಾಲೆಯಲ್ಲಿ ಇದನ್ನು ಓದಿದಾಗ ಆ ಪ್ರತಿನಿಧಿಗೆ ಅನ್ಯಾಯವಾಯಿತೆಂದು ಗುರುಗಳೊಡನೆ ವಾದಿಸಿದ್ದೆನು. ಈಗ ಆ ವಾದವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಇತರರ ಕೆಲಸವನ್ನು ಮುಗಿಸುವವನು ಫಲವನ್ನು ಎಣಿಸಿದರೆ ಅವನ ಹೊಲಿಗೆಯು ಅಲ್ಲಿಯೇ ವಕ್ರವಾಗುವದು.

ವಾಚಕರ ಮನೆಗಳಲ್ಲಿಯೂ ಟ್ರಂಕಿನ ತಳದಲ್ಲಿ ಇಂಥದೊಂದು ಗಂಟು ಇದ್ದೀತು: ಅರೆ ಹೆಣೆದ ಕುಲಾಯಿಯೋ, ಅರೆ ಬರೆದ ಪತ್ರವೋ. ಎಲ್ಲವನ್ನೂ ಮುಗಿಸಿರೆಂದು ನಾನು ಹೇಳುವದಿಲ್ಲ. ಕೆಲವನ್ನು ಹಾಗೆಯೇ ಬಿಡುವದೇ ಯೋಗ್ಯ. ಅದು ಯಾರಿಗಾಗಿ ಆರಂಭವಾಯಿತು, ಅವರು ಇನ್ನೂ ಇರುವರೇ ಎಂಬದನ್ನು ಒಮ್ಮೆ ವಿಚಾರಿಸಿರಿ. ಇದ್ದರೆ ಬೆಳಗಾಗಲೆಂದು ಕಾಯಬೇಡಿರಿ.